ಯಾದಗಿರಿ ಬೆಟ್ಟದ ಕೋಟೆ: ಬರೀ ತೋಪು (ಫಿರಂಗಿ) ನೋಡಿ ಇಳಿಯದೆ, ಇಡೀ ಕೋಟೆ ಓದಿ ಬರುವ ಕ್ರಮ

ಯಾದಗಿರಿ ಕೋಟೆ ಹತ್ತಿ ಬಂದವರನ್ನು ಏನು ಕಂಡಿರಿ ಎಂದು ಕೇಳಿ ನೋಡಿ. "ಒಂದು ತೋಪು, ನಾಲ್ಕು ಬಿದ್ದ ಗೋಡೆ, ಭಾಳ ಬಿಸಲ್ರಿ" ಎನ್ನುತ್ತಾರೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮನೆಯಲ್ಲಿ ಸುಸಲಾ, ಮಿರ್ಚಿ ತಿಂದು ಹತ್ತು ಗಂಟೆಗೆ ಹೊರಡುತ್ತಾರೆ. ಅಗಸಿ ಕಂಡರೂ ನಿಲ್ಲದೆ ನೇರ ತುದಿಗೆ ಓಡುತ್ತಾರೆ. ತೋಪಿನ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವ ಹೊತ್ತಿಗೆ ನೀರು ಮುಗಿದಿರುತ್ತದೆ, ಬಂಡೆ ಕಾದಿರುತ್ತದೆ. ಇಳಿಯುವಾಗ ನೆರಳು ಬಿಟ್ಟು ಬೇರೇನೂ ಕಣ್ಣಿಗೆ ಬೀಳುವುದಿಲ್ಲ. ನೋಡಬೇಕಾದ್ದೆಲ್ಲ ಹತ್ತುವ ದಾರಿಯಲ್ಲೇ ಉಳಿದುಹೋಯಿತು.

ಈ ಮಾರ್ಗದರ್ಶಿಯಲ್ಲಿ ಅರಸರ ವಂಶಾವಳಿ ಇಲ್ಲ. ಯಾವುದನ್ನು ಯಾವುದರ ನಂತರ ನೋಡಬೇಕು, ಕೈಯಲ್ಲಿ ಏನಿರಬೇಕು, ಎಲ್ಲಿ ಜನ ಎಡವುತ್ತಾರೆ, ಯಾವ ಸೂಚನೆ ಕಂಡರೆ ಹಿಂದಕ್ಕೆ ಬರಬೇಕು ಎಂಬುದಷ್ಟೇ ಇದೆ. ಯಾದಗಿರಿಗೆಂದು ಬರೆದಿದ್ದರೂ ಶಹಾಪುರದ ಗುಡ್ಡಕ್ಕೂ ಸುರಪುರ ಸೀಮೆಯ ವಾಗಣಗೇರಿಗೂ ಇದೇ ಕ್ರಮ ಸಾಗುತ್ತದೆ.

## ಹಂತ 1: ದಿನ, ಹೊತ್ತು, ಚೀಲ

ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಿ. ಮಾರ್ಚ್ ದಾಟಿದ ಮೇಲೆ ಯಾದಗಿರಿಯ ಬಂಡೆ ರೊಟ್ಟಿ ಹಂಚಿನಂತೆ ಕಾಯುತ್ತದೆ, ಏಪ್ರಿಲ್–ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಮಳೆಗಾಲದಲ್ಲಿ ಹಸಿರು ಚೆನ್ನ, ಆದರೆ ಮೆಟ್ಟಿಲಿನ ಮೇಲೆ ಪಾಚಿ, ಗೋಡೆಯ ಮೇಲೆ ಗಿಡಗಂಟಿ. ಕಾಲೂ ಜಾರುತ್ತದೆ, ಕಲ್ಲೂ ಕಾಣುವುದಿಲ್ಲ. ಮಳೆ ನಿಂತು ಹುಲ್ಲು ಒಣಗಿದ ಮೇಲಿನ ದಿನಗಳೇ ಸರಿ.

ಬೆಳಗಿನ ಆರೂವರೆಗೆ ಗುಡ್ಡದ ಬುಡದಲ್ಲಿರಬೇಕು, ಹತ್ತೂವರೆಗೆ ಮತ್ತೆ ಕೆಳಗಿರಬೇಕು. ನಡುವಿನ ನಾಲ್ಕು ತಾಸು ಧಾರಾಳ ಸಾಕು. ಗುಡ್ಡ ಸುಮಾರು 100 ಮೀಟರ್ ಎತ್ತರದ್ದು, ಹತ್ತುವುದು ಕಷ್ಟವಲ್ಲ. ಹೊತ್ತು ತಿನ್ನುವುದು ನೋಡುವ ಕೆಲಸ. ಬೆಳಗ್ಗೆ ಹೋಗಿ ಎನ್ನುವುದು ತಂಪಿಗಾಗಿ ಮಾತ್ರವಲ್ಲ. ಸೂರ್ಯ ಕೆಳಗಿರುವಾಗ ಬೆಳಕು ಅಡ್ಡಡ್ಡ ಬೀಳುತ್ತದೆ. ಸವೆದ ಅಕ್ಷರ, ಉಳಿ ಗುರುತು, ಮಾಸಿದ ಉಬ್ಬುಕೆತ್ತನೆ ಆಗ ಮಾತ್ರ ನೆರಳು ಹಿಡಿದು ಎದ್ದು ಕಾಣುತ್ತವೆ. ಹನ್ನೊಂದು ಗಂಟೆಯ ನೆತ್ತಿ ಬಿಸಿಲಲ್ಲಿ ಅದೇ ಶಾಸನ ಬರೀ ಬಂಡೆ.

ಕಲಬುರಗಿಯಿಂದ ಬೆಳಗ್ಗೆ ಹೊರಟರೆ ಈ ಹೊತ್ತು ಸಿಗದು. ಹಿಂದಿನ ಸಂಜೆಯೇ ಯಾದಗಿರಿಗೆ ಬಂದು ಉಳಿಯಿರಿ. ಊರು ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿ ವಾಡಿ–ರಾಯಚೂರು ನಡುವೆ ಇದೆ. ಕೋಟೆ ಊರಿಗೆ ಅಂಟಿಕೊಂಡೇ ಇರುವುದರಿಂದ ಆಟೋಗೆ "ಕ್ವಾಟಿ ಕಡೆ" ಎಂದರೆ ಸಾಕು.

ಚೀಲದಲ್ಲಿ ಇರಬೇಕಾದ್ದು: ತಲಾ 3 ಲೀಟರ್ ನೀರು, ಒಆರ್‌ಎಸ್ ಪುಡಿ, ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿ, ತಲೆಗೂ ಮುಖಕ್ಕೂ ಸುತ್ತಿಕೊಳ್ಳುವಷ್ಟು ದೊಡ್ಡ ಟವೆಲ್, ಟಾರ್ಚ್, ಸೀಟಿ, 3 ಮೀಟರ್ ಅಳತೆ ಟೇಪು, ಪೆನ್ಸಿಲ್, ಗೆರೆ ಇಲ್ಲದ ನೋಟ್‌ಬುಕ್, ಅಂಗೈ ಅಗಲದ ಕನ್ನಡಿ. ಕನ್ನಡಿ ಯಾಕೆ ಎಂಬುದು ಆರನೇ ಹಂತದಲ್ಲಿ ಬರುತ್ತದೆ. ಕಾಲಿಗೆ ಹಿಡಿತವಿರುವ ಬೂಟು ಹಾಕಿ. ಚಪ್ಪಲಿಯಲ್ಲಿ ಹತ್ತಬಹುದು, ಸವೆದು ನುಣ್ಣಗಾದ ಗ್ರಾನೈಟಿನ ಮೇಲೆ ಇಳಿಯುವಾಗ ಪಾಡು ಬೇರೆ. ಅತ್ತರು, ಸೆಂಟು, ಘಮಘಮ ಎಣ್ಣೆ ಮನೆಯಲ್ಲೇ ಬಿಡಿ. ಅದಕ್ಕೂ ಕಾರಣವಿದೆ, ಹೆಜ್ಜೇನಿನ ಮಾತು ಬರುವಾಗ ಹೇಳುತ್ತೇನೆ.

ಡ್ರೋನ್ ಬೇಡ. ಸಂರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, ಜೇನು ಕೆರಳಲಿಕ್ಕೂ ಅದು ಸಾಕು.

## ಹಂತ 2: ಹತ್ತುವ ಮುನ್ನ ಕೆಳಗೆ ನಿಂತು ಗುಡ್ಡ ಬರೆದುಕೊಳ್ಳಿ

ಇದನ್ನು ಎಲ್ಲರೂ ಹಾರಿಸುತ್ತಾರೆ. ಹಿಂದಿನ ಸಂಜೆ ಊರಿನ ಎರಡು ದಿಕ್ಕಿನಿಂದ ಗುಡ್ಡ ನೋಡಿ, ನೋಟ್‌ಬುಕ್‌ನಲ್ಲಿ ಅದರ ಅಂಚನ್ನು ಒಂದು ಗೆರೆಯಲ್ಲಿ ಎಳೆದುಕೊಳ್ಳಿ. ಚಿತ್ರ ಚೆಂದ ಬರಬೇಕಿಲ್ಲ. ಮೂರು ಸಂಗತಿ ಗುರುತಿಸಿದರೆ ಆಯಿತು: ಗೋಡೆ ಎಲ್ಲಿದೆ, ಗೋಡೆ ಕಟ್ಟದೆ ಬಂಡೆಯನ್ನೇ ಗೋಡೆಯಾಗಿ ಬಿಟ್ಟದ್ದು ಎಲ್ಲಿ, ಗುಡ್ಡದ ಮೈ ಒಳಗೆ ಮಡಚಿಕೊಂಡು ದಾರಿ ಬಿಟ್ಟಿರುವುದು ಎಲ್ಲಿ.

ಯಾದಗಿರಿಯಲ್ಲಿ ಗೋಡೆ ಮೂರು ಸುತ್ತು. ಹತ್ತುವಾಗ ಇದು ತಿಳಿಯುವುದೇ ಇಲ್ಲ, ಬಾಗಿಲು ಮೇಲೆ ಬಾಗಿಲು ಬಂದಂತೆ ತೋರುತ್ತದೆ. ಕೆಳಗಿನಿಂದ ಗೆರೆ ಎಳೆದುಕೊಂಡವರಿಗೆ ಮಾತ್ರ ತಾವೀಗ ಯಾವ ಸುತ್ತಿನೊಳಗೆ ನಿಂತಿದ್ದೇವೆ ಎಂಬ ಅಂದಾಜು ಉಳಿಯುತ್ತದೆ.

ಬುಡದಲ್ಲಿ ಇಲಾಖೆಯ ಫಲಕವಿದ್ದರೆ ಓದಿ, ಫೋಟೋ ತೆಗೆದುಕೊಳ್ಳಿ. ಕೇಂದ್ರದ ಪುರಾತತ್ವ ಇಲಾಖೆಯ ಫಲಕವಾದರೆ ಸ್ಮಾರಕ ಸಂರಕ್ಷಣೆಯ 1958ರ ಕಾಯ್ದೆ, ರಾಜ್ಯದ್ದಾದರೆ 1961ರ ಕಾಯ್ದೆ ಅನ್ವಯ. ಮುಂದೆ ಏನಾದರೂ ತಿಳಿಸಬೇಕಾಗಿ ಬಂದಾಗ ಯಾರಿಗೆ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಬುಡದ ಚಹಾ ಅಂಗಡಿಯಲ್ಲೋ ಕುರಿ ಕಾಯುವವರಲ್ಲೋ ಒಂದು ಪ್ರಶ್ನೆ ತಪ್ಪದೆ ಕೇಳಿ: "ಅಣ್ಣಾರ, ಮ್ಯಾಲ ಜೇನ ಎಲ್ಲ್ಯವ್ರಿ?" ಯಾವ ಮ್ಯಾಪಿನಲ್ಲೂ ಇಲ್ಲದ ಮಾಹಿತಿ ಅದು. "ಆ ಕಡಿ ಕಮಾನಿನ ಕೆಳಗ ಹೋಗಬ್ಯಾಡ್ರಿ" ಎಂದು ಅವರು ಹೇಳಿದರೆ ಹೋಗಬೇಡಿ, ಅಲ್ಲಿ ವಾದಕ್ಕೆ ಜಾಗವಿಲ್ಲ.

## ಹಂತ 3: ಅಗಸಿಯಲ್ಲಿ ಕಾಲು ಗಂಟೆ

ಮೊದಲ ಬಾಗಿಲಿನಲ್ಲಿ ಚೀಲ ಇಳಿಸಿ. ಮುಂದಿನ ಎಲ್ಲ ಬಾಗಿಲನ್ನು ಓದುವ ಅಕ್ಷರಮಾಲೆ ಇಲ್ಲಿದೆ, ಇಲ್ಲಿ ಅವಸರ ಮಾಡಿದರೆ ಮೇಲೆ ಏನೂ ತಿಳಿಯುವುದಿಲ್ಲ.

ದಾರಿ ಹೇಗೆ ತಿರುಗುತ್ತದೆ ಎಂಬುದು ಮೊದಲು. ಕೋಟೆ ಬಾಗಿಲಿಗೆ ನೇರ ದಾರಿ ಇರುವುದಿಲ್ಲ. ಗೋಡೆಯನ್ನು ಒಂದು ಪಕ್ಕಕ್ಕೆ ಇಟ್ಟುಕೊಂಡು ಬಂದು ಚಕ್ಕನೆ ಹೊರಳಬೇಕು. ಆ ಹೊರಳಿನಲ್ಲಿ ನಿಂತು ತಲೆ ಎತ್ತಿ ನೋಡಿದರೆ ಮೇಲಿನ ಎಷ್ಟು ಕಿಂಡಿಗಳು ನಿಮ್ಮನ್ನು ನೋಡುತ್ತಿವೆ ಎಂದು ಎಣಿಸಬಹುದು. ಬಾಗಿಲು ಮುರಿಯಲು ಆನೆ ಓಡಿಬರಬೇಕೆಂದರೂ ಓಡಲು ಜಾಗ ಸಿಗಬಾರದು, ತಿರುವಿನ ಉದ್ದೇಶ ಅದೇ. ಬಾಗಿಲ ಮುಂದಿನ ಜಾಗವನ್ನು ಹೆಜ್ಜೆಯಲ್ಲಿ ಅಳೆದರೆ ಇದು ಮನದಟ್ಟಾಗುತ್ತದೆ.

ಆಮೇಲೆ ಬಾಗಿಲವಾಡ. ಕದ ಈಗ ಇಲ್ಲದಿರಬಹುದು, ಅದರ ಗುರುತು ಇದ್ದೇ ಇರುತ್ತದೆ. ಮೇಲಿನ ಕಲ್ಲಿನಲ್ಲೂ ಕೆಳಗಿನ ಕಲ್ಲಿನಲ್ಲೂ ಕದ ತಿರುಗುತ್ತಿದ್ದ ಗುಂಡನೆಯ ಗುಳಿ ಹುಡುಕಿ, ಬೆರಳಾಡಿಸಿದರೆ ಒಳಮೈ ಗಾಜಿನಂತೆ ನುಣುಪಾಗಿರುತ್ತದೆ. ಎದೆಮಟ್ಟದಲ್ಲಿ ಎರಡೂ ಪಕ್ಕದ ಗೋಡೆಯಲ್ಲಿ ಚೌಕದ ತೂತು ಇರುತ್ತದೆ, ಅಗುಳಿಯ ತೊಲೆ ಸರಿಸುತ್ತಿದ್ದದ್ದು ಅಲ್ಲಿ. ಒಂದು ಪಕ್ಕದ ತೂತಿಗೆ ಟಾರ್ಚ್ ಹಿಡಿಯಿರಿ. ಅದು ಬಹಳ ಆಳವಿದ್ದು ಎದುರಿನದು ಗೇಣುದ್ದ ಮಾತ್ರ ಇದ್ದರೆ ಇಡೀ ತೊಲೆ ಆಳದ ತೂತಿನೊಳಗೆ ಸರಿದು ಕೂರುತ್ತಿತ್ತು ಎಂದರ್ಥ. ಕೈ ಹಾಕುವುದು ಮಾತ್ರ ಬೇಡ, ಹಾವು ಚೇಳಿಗೆ ಇಂಥ ತೂತು ತಂಪು ಮನೆ.

ಒಳಗೆ ಎರಡೂ ಬದಿಯ ಕಾವಲು ಕಟ್ಟೆಯ ಮೇಲೆ ಕೂತುಕೊಳ್ಳಿ. ಕಟ್ಟೆಯ ಕಲ್ಲಿನಲ್ಲೋ ಪಕ್ಕದ ಹಾಸುಬಂಡೆಯಲ್ಲೋ ಚೌಕಾಬಾರ, ಹುಲಿ-ಕುರಿ ಆಟದ ಮನೆಗಳನ್ನು ಗೀರಿದ್ದು ಕಾಣಸಿಗಬಹುದು. ಹಳೆಯ ಕೋಟೆಗಳಲ್ಲಿ ಇದು ಸಾಮಾನ್ಯ. ಆದರೆ ಮೊನ್ನೆ ಹುಡುಗರು ಕೊರೆದದ್ದೂ ಆಗಿರಬಹುದು. ಗೀರಿನೊಳಗಿನ ಬಣ್ಣ ಸುತ್ತಲಿನ ಬಂಡೆಯಷ್ಟೇ ಮಾಸಿದ್ದರೆ ಹಳೆಯದು, ಬೆಳ್ಳಗಿದ್ದರೆ ಹೊಸದು. ಈ ಒಂದು ಪರೀಕ್ಷೆ ಬೆಟ್ಟದ ಮೇಲಿನ ಎಲ್ಲ ಗೀರಿಗೂ ಬಳಕೆಗೆ ಬರುತ್ತದೆ.

ಜನ ಇಲ್ಲಿ ಮಾಡುವ ದೊಡ್ಡ ತಪ್ಪು ಬಾಗಿಲ ಮೇಲಿನ ಕೆತ್ತನೆ ಕಂಡಕೂಡಲೇ "ಇದು ಇಂಥ ರಾಜನ ಬಾಗಿಲು" ಎಂದು ತೀರ್ಪು ಕೊಡುವುದು. ಕಲ್ಯಾಣ ಚಾಲುಕ್ಯರ ಕಾಲದ ಕಲ್ಲು, ಬಹಮನಿ ಕಾಲದ ಕಮಾನು, ಆದಿಲಶಾಹಿ ಕಾಲದ ಗಾರೆ ಒಂದೇ ಬಾಗಿಲಲ್ಲಿ ಕೂಡಿರಬಹುದು. ದೇವಾಲಯದ ಕಂಬ ಅಡ್ಡ ಮಲಗಿ ತೊಲೆಯಾಗಿರುವುದೂ ಉಂಟು. ಕಂಡದ್ದನ್ನು ಬರೆದುಕೊಳ್ಳಿ: "ಕೆತ್ತಿದ ಕಂಬ, ಅಡ್ಡ ಇಟ್ಟಿದೆ, ಎಡಗಡೆ." ಯಾರು ಯಾವಾಗ ಎಲ್ಲಿಂದ ತಂದರು ಎಂಬುದನ್ನು ಆ ಕಲ್ಲು ತಾನಾಗಿ ಹೇಳುವುದಿಲ್ಲ. ಪಾಳುಬಿದ್ದಲ್ಲಿಂದ ತಂದಿರಬಹುದು, ಕೆಡವಿ ತಂದಿರಬಹುದು. ಕೆಳಗೆ ನಿಂತು ಜಗಳಕ್ಕೆ ಇಳಿದರೆ ನೋಡುವ ಹೊತ್ತು ಹಾಳು.

## ಹಂತ 4: ಗೋಡೆಯ ಹೊಲಿಗೆ ಹಿಡಿಯುವುದು

ಗೋಡೆಯನ್ನು ಒಂದೇ ವಸ್ತುವೆಂದು ನೋಡಬೇಡಿ. ಅದು ತೇಪೆ ಹಾಕಿದ ಕೌದಿ, ಹೊಲಿಗೆ ಸಿಕ್ಕರೆ ಕಾಲಕ್ರಮ ಸಿಕ್ಕಂತೆ.

ಬುಡದಿಂದ ಕಣ್ಣು ಮೇಲಕ್ಕೆ ಒಯ್ಯಿರಿ. ಕೆಳಗೆ ದೊಡ್ಡ ದೊಡ್ಡ ಕಲ್ಲು, ನಡುವೆ ಗಾರೆ ಇಲ್ಲದೆ ಒಂದರ ಮೇಲೊಂದು ಕೂತಿವೆ. ಆಳೆತ್ತರ ದಾಟಿದ ಮೇಲೆ ಸಣ್ಣ ಕಲ್ಲು, ನಡುವೆ ಸುಣ್ಣದ ಗಾರೆ. ಹಾಗಿದ್ದರೆ ಮೇಲಿನ ಭಾಗವನ್ನು ಆಮೇಲೆ ಎತ್ತರಿಸಿದ್ದಾರೆ. ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ನೆಟ್ಟಗೆ ಬಿರುಕಿನಂಥ ಗೆರೆ ಇದ್ದು, ಎರಡೂ ಕಡೆಯ ಕಲ್ಲುಗಳು ಒಂದರೊಳಗೊಂದು ಹೆಣೆದುಕೊಂಡಿಲ್ಲದಿದ್ದರೆ ಅಲ್ಲಿ ಎರಡು ಕಾಲದ ಕೆಲಸ ಸೇರಿದೆ. ಬುರುಜಿನ ಬಳಿ ಈ ಪರೀಕ್ಷೆ ಮಾಡಲೇಬೇಕು. ಬುರುಜಿನ ಕಲ್ಲು ಗೋಡೆಯೊಳಗೆ ಹೊಕ್ಕಿದೆಯೇ, ಅಥವಾ ಗೋಡೆಗೆ ಬೆನ್ನು ಒತ್ತಿ ಸುಮ್ಮನೆ ನಿಂತಿದೆಯೇ? ಒತ್ತಿ ನಿಂತಿದ್ದರೆ ಗೋಡೆ ಮೊದಲು, ಬುರುಜು ನಂತರ. ದಖ್ಖನಿನ ಕೋಟೆಗಳಲ್ಲಿ ಸಾಮಾನ್ಯವಾಗಿ ಚೌಕ ಬುರುಜು ಹಳೆಯದು, ತೋಪಿನ ಕಾಲಕ್ಕೆ ದುಂಡನೆಯ ದಪ್ಪ ಬುರುಜು ಬಂತು.

ಗಾರೆಯನ್ನು ಹತ್ತಿರದಿಂದ ನೋಡಿ, ಉಗುರಿನಿಂದ ಕೆರೆಯಬೇಡಿ. ಹಳೆಯ ಸುಣ್ಣದ ಗಾರೆ ಬಿಳಿ-ಕಂದು ಬಣ್ಣದ್ದು, ಒಳಗೆ ಉಸುಕಿನ ಹರಳು, ಒಮ್ಮೊಮ್ಮೆ ಇಟ್ಟಿಗೆ ಚೂರು. ಬೂದು ಬಣ್ಣದ ನುಣ್ಣನೆಯ ಗಾರೆ ಸಿಮೆಂಟು, ಅಂದರೆ ನಮ್ಮ ಕಾಲದ ದುರಸ್ತಿ.

ಕಲ್ಲಿನ ಜಾತಿಯೂ ಸಾಕ್ಷಿ. ಯಾದಗಿರಿ ಗುಡ್ಡ ಗ್ರಾನೈಟು. ವಾಡಿ, ಶಹಾಬಾದ್ ಕಡೆ ಹೋದರೆ ಪದರ ಪದರದ ಸುಣ್ಣಕಲ್ಲು, ಕಲಬುರಗಿಯ ಉತ್ತರಕ್ಕೆ ಕಪ್ಪು ಬಸಾಲ್ಟು, ಬೀದರಿನಲ್ಲಿ ಕೆಂಪು ಜಂಬಿಟ್ಟಿಗೆ. ಗ್ರಾನೈಟಿನ ಗುಡ್ಡದ ಮೇಲೆ ನುಣುಪು ಕಪ್ಪು ಕಲ್ಲಿನ ಕೆತ್ತನೆಯೋ ಶಹಾಬಾದ್ ಫರಸಿಯೋ ಕಂಡರೆ ಅದು ಹೊತ್ತು ತಂದದ್ದು. ಪಕ್ಕದಲ್ಲೊಂದು ನಕ್ಷತ್ರ ಹಾಕಿಕೊಳ್ಳಿ.

ಒಡೆದ ಬಂಡೆಯ ಅಂಚಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ಚೌಕದ ಗುಣಿಗಳು ಸಾಲಾಗಿ ಕಂಡರೆ ಅದು ಉಳಿಯಿಂದ ಗುಣಿ ಕೊರೆದು, ಬೆಣೆ ಹೊಡೆದು ಕಲ್ಲು ಸೀಳಿದ ಗುರುತು. ಗೋಡೆಯ ಕಲ್ಲು ಇಲ್ಲಿಂದಲೇ ಎದ್ದದ್ದು ಎಂಬುದಕ್ಕೆ ಅದಕ್ಕಿಂತ ಪುರಾವೆ ಬೇಡ. ದುಂಡನೆಯ, ಉದ್ದ ಕೊಳವೆಯಂಥ ಗೆರೆ ಕಂಡರೆ ಮಷೀನಿನ ಕೆಲಸ, ಈಚಿನದು.

ಎಚ್ಚರಿಕೆ: ಉಬ್ಬಿದ ಗೋಡೆಯ ಕೆಳಗೆ ನಿಲ್ಲಬೇಡಿ. ಗೋಡೆಯ ಹೊಟ್ಟೆ ಮುಂದೆ ಬಂದಿದ್ದರೆ, ಬುಡದಲ್ಲಿ ಹೊಸದಾಗಿ ಬಿದ್ದ ಕಲ್ಲಿದ್ದರೆ, ಆಲ ಅರಳಿಯ ಬೇರು ಗೋಡೆ ಸೀಳಿದ್ದರೆ ಹತ್ತು ಹೆಜ್ಜೆ ದೂರದಿಂದ ನೋಡುವುದೇ ಕ್ಷೇಮ. ಗೋಡೆಯ ತಲೆಯ ಮೇಲೆ ನಡೆಯುವುದಂತೂ ಯಾವ ಕಾರಣಕ್ಕೂ ಬೇಡ. ಒಳಗಿನ ಮಣ್ಣು ಕರಗಿ ಮೇಲಿನ ಕಲ್ಲು ಬರೀ ಮುಚ್ಚಳವಾಗಿ ಉಳಿದಿರುತ್ತದೆ.

## ಹಂತ 5: ನೀರಿನ ಬೆನ್ನು ಹತ್ತಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ತೋಪಿಲ್ಲದೆ ಕೋಟೆ ತಿಂಗಳುಗಟ್ಟಲೆ ನಿಂತೀತು, ನೀರಿಲ್ಲದೆ ವಾರ ನಿಲ್ಲದು. ಭೀಮಾ ನದಿ ಊರಿಗೆ ಹತ್ತಿರವಿದ್ದರೂ ಮುತ್ತಿಗೆ ಬಿದ್ದಾಗ ಗುಡ್ಡದ ಮೇಲಿನವರಿಗೆ ಅದು ಇದ್ದೂ ಇಲ್ಲದ್ದು. ಹಾಗಾಗಿ ಮೇಲೆ ಬಿದ್ದ ಪ್ರತಿ ಮಳೆಹನಿಯ ಲೆಕ್ಕ ಇಟ್ಟಿದ್ದಾರೆ.

ಮೊದಲ ಹೊಂಡ ಸಿಕ್ಕಕೂಡಲೇ ಅದರೊಳಗೆ ಇಣುಕಬೇಡಿ, ಅದರ ಸುತ್ತಲಿನ ಇಳಿಜಾರು ನೋಡಿ. ಮಳೆನೀರು ಯಾವ ಹಾಸುಬಂಡೆಯಿಂದ ಇಳಿದು ಬರಬೇಕು? ಆ ಬಂಡೆಯ ಮೇಲೆ ಬೆರಳಗಲದ್ದೋ ಅಂಗೈ ಅಗಲದ್ದೋ ಕಾಲುವೆ ಕೊರೆದಿದ್ದಾರೆಯೇ? ನೀರು ಪಕ್ಕಕ್ಕೆ ಹರಿದುಹೋಗದಂತೆ ಸಣ್ಣ ಗಾರೆ ಕಟ್ಟೆ ಇದೆಯೇ? ಹೊಂಡದ ಬಾಯಲ್ಲಿ ಮಣ್ಣು ತಂಗಲು ಚಿಕ್ಕ ಗುಂಡಿ ಇದೆಯೇ? ಬಂಡೆಯ ಮೇಲೆ ಒಂದು ಲೋಟ ನೀರು ಸುರಿದು ನೋಡಿದರೂ ಸರಿ, ಸಾವಿರಾರು ಮಳೆ ಹರಿದ ದಾರಿ ಯಾವುದೆಂದು ಆ ನೀರೇ ತೋರಿಸುತ್ತದೆ. ಚಿಕ್ಕ ಮಕ್ಕಳನ್ನು ಕರೆದೊಯ್ದವರಿಗೆ ಇದಕ್ಕಿಂತ ಒಳ್ಳೆಯ ಪಾಠ ಕೋಟೆಯಲ್ಲಿಲ್ಲ.

ಆಮೇಲೆ ಹೊಂಡದ ಗೋಡೆ. ಅಂಚಿನಲ್ಲಿ ಬೆಣೆ ಗುಣಿಯ ಸಾಲು ಕಂಡಿತೇ? ಹಾಗಾದರೆ ಕಲ್ಲು ತೆಗೆದ ಗುಂಡಿಯೇ ಹೊಂಡವಾಗಿದೆ. ಗೋಡೆಗೆ ಕಲ್ಲು, ಜನಕ್ಕೆ ನೀರು, ಎರಡೂ ಒಂದೇ ಪೆಟ್ಟಿನಲ್ಲಿ. ಒಳಮೈಗೆ ಗಾರೆ ಬಳಿದ ಹೊಂಡ ಮತ್ತು ಬರೀ ಬಂಡೆಯ ಹೊಂಡ ಬೇರೆ ಬೇರೆ ಬರೆದುಕೊಳ್ಳಿ. ಹೊಂಡಗಳನ್ನು ನಿಮ್ಮ ಗೆರೆಚಿತ್ರದ ಮೇಲೆ ಗುರುತಿಸುತ್ತ ಹೋದರೆ ಅವು ಯಾವ ಸುತ್ತಿನೊಳಗೆ ಹೆಚ್ಚು ಎಂದು ತಾನಾಗಿ ಕಾಣುತ್ತದೆ. ಕೊನೆಗೆ ಯಾವ ಸುತ್ತಿನೊಳಗೆ ಕೂತು ಕಾದಾಡಲು ಸಿದ್ಧರಿದ್ದರು ಎಂಬ ಪ್ರಶ್ನೆಗೆ ಉತ್ತರದ ಸುಳಿವು ಅಲ್ಲಿದೆ.

ಹೊಂಡದ ಹತ್ತಿರ ಬಂಡೆಯಲ್ಲಿ ದುಂಡನೆಯ ಕುಳಿಗಳಿದ್ದರೆ ಎರಡು ಬಗೆ ಇರುತ್ತವೆ. ಆಳವಾಗಿ ನೆಟ್ಟಗೆ ಇಳಿದದ್ದು ಚಪ್ಪರದ ಕಂಬ ನೆಟ್ಟದ್ದು. ಅಗಲ ಬಾಯಿ, ನುಣ್ಣನೆಯ ತಳ ಇದ್ದರೆ ಕುಟ್ಟುವ ಒರಳು.

ಎಚ್ಚರಿಕೆ: ಬೆಟ್ಟದ ಮೇಲೆ ಜೀವ ಹೋಗುವ ಜಾಗ ಇದೇ. ಹೊಂಡದ ಮೆಟ್ಟಿಲು ನೀರಿನಂಚಿಗೆ ಬಂದಾಗ ಪಾಚಿಯಿಂದ ಸಾಬೂನಿನಷ್ಟು ಜಾರುತ್ತದೆ, ಮುಂದಿನ ಮೆಟ್ಟಿಲು ಎಷ್ಟು ಆಳದಲ್ಲಿದೆ ಎಂದು ಹಸಿರು ನೀರಿನಲ್ಲಿ ಕಾಣುವುದಿಲ್ಲ. ಈಜಬೇಡಿ, ಕಾಲು ತೊಳೆಯಲೂ ಇಳಿಯಬೇಡಿ. ನೀರು ಕುಡಿಯುವುದಂತೂ ಬೇಡ. ಹುಡುಗರ ಗುಂಪು ಕರೆದೊಯ್ಯುವ ಮಾಸ್ತರರು ಹೊಂಡದ ಬಳಿ ಎಣಿಕೆ ಮಾಡಿ, ಹೊರಡುವಾಗ ಮತ್ತೊಮ್ಮೆ ಮಾಡಿ.

## ಹಂತ 6: ಕೆತ್ತನೆ, ಶಾಸನ — ಕನ್ನಡಿ ತೆಗೆಯುವ ಹೊತ್ತು

ಯಾದಗಿರಿ ಬೆಟ್ಟದ ಬಂಡೆಯಲ್ಲಿ ಜೈನ ತೀರ್ಥಂಕರರ ಉಬ್ಬುಕೆತ್ತನೆಗಳಿವೆ, ಪರ್ಷಿಯನ್ ಶಾಸನಗಳಿವೆ, ಗುಡಿಗಳಿವೆ, ಮಸೀದಿಗಳಿವೆ. ಇವೆಲ್ಲ ಒಂದೇ ಕಡೆ ಗುಡ್ಡೆ ಹಾಕಿಲ್ಲ, ಹುಡುಕಿಕೊಂಡು ಹೋಗಬೇಕು.

ಕುಳಿತ ಮೂರ್ತಿ ಕಂಡರೆ ಬುದ್ಧ ಎನ್ನುವ ಚಾಳಿ ನಮ್ಮಲ್ಲಿ ಬಹಳ. ಬಟ್ಟೆಯ ಗೆರೆಯೇ ಇಲ್ಲದಿದ್ದರೆ, ತಲೆಯ ಮೇಲೆ ಒಂದರ ಮೇಲೊಂದು ಮೂರು ಕೊಡೆ ಇದ್ದರೆ, ಅಥವಾ ಕೈ ನೇರ ಇಳಿಬಿಟ್ಟು ನೆಟ್ಟಗೆ ನಿಂತಿದ್ದರೆ ಅದು ತೀರ್ಥಂಕರ. ಹೆಡೆ ಬಿಚ್ಚಿದ ಹಾವು ಹಿಂದಿದ್ದರೆ ಹೆಡೆ ಎಣಿಸಿ, ಏಳಾದರೆ ಸಾಮಾನ್ಯವಾಗಿ ಪಾರ್ಶ್ವನಾಥ.

ಶಾಸನ ಸಿಕ್ಕಾಗ ಜನ ಮಾಡುವ ಕೆಲಸ ನೋಡಿದರೆ ಹೊಟ್ಟೆ ಉರಿಯುತ್ತದೆ. ಸೀಮೆಸುಣ್ಣ ತಿಕ್ಕುತ್ತಾರೆ, ಅರಿಶಿನ ಬಳಿಯುತ್ತಾರೆ, ಎಣ್ಣೆ ಹಚ್ಚುತ್ತಾರೆ, ಕೆಲವರು ಮೊಳೆಯಿಂದ ಅಕ್ಷರವನ್ನು "ಚೊಕ್ಕ" ಮಾಡುತ್ತಾರೆ. ಸೀಮೆಸುಣ್ಣದಲ್ಲಿ ತಿದ್ದಿದವರು ತಮಗೆ ಕಂಡ ಅಕ್ಷರ ಬರೆಯುತ್ತಾರೆ, ಮುಂದಿನವರು ಕಲ್ಲನ್ನು ಬಿಟ್ಟು ಅದನ್ನೇ ಓದುತ್ತಾರೆ. ಏನೂ ಹಚ್ಚಬೇಡಿ. ಕನ್ನಡಿ ತೆಗೆಯಿರಿ. ಒಬ್ಬರು ಬಿಸಿಲಲ್ಲಿ ನಿಂತು ಬೆಳಕನ್ನು ಶಾಸನದ ಮೇಲೆ ಪಕ್ಕದಿಂದ, ಕಲ್ಲಿಗೆ ಬಹುತೇಕ ಸಮಾನಾಂತರವಾಗಿ ಬಿಡಲಿ. ಇನ್ನೊಬ್ಬರು ಎದುರಿನಿಂದ ಫೋಟೋ ತೆಗೆಯಲಿ. ಎಡದಿಂದ ಒಂದು, ಬಲದಿಂದ ಒಂದು, ಮೇಲಿಂದ ಒಂದು. ಎಡ ಬೆಳಕಿನಲ್ಲಿ ಮಾಯವಾದ ಗೀಟು ಬಲ ಬೆಳಕಿನಲ್ಲಿ ಎದ್ದು ಕೂರುತ್ತದೆ. ನೆರಳಿನಲ್ಲಿರುವ ಶಾಸನಕ್ಕೆ ಟಾರ್ಚ್ ಸಾಕು, ಕ್ಯಾಮೆರಾದ ಎದುರು ಫ್ಲ್ಯಾಶ್ ಮಾತ್ರ ಎಲ್ಲವನ್ನೂ ಚಪ್ಪಟೆ ಮಾಡುತ್ತದೆ.

ಪ್ರತಿ ಶಾಸನಕ್ಕೂ ಕನಿಷ್ಠ ಮೂರು ಫೋಟೋ: ದೂರದಿಂದ ಸುತ್ತಲಿನ ಜಾಗ ಕಾಣುವಂತೆ, ಇಡೀ ಕಲ್ಲು ಟೇಪು ಪಕ್ಕದಲ್ಲಿಟ್ಟು, ಸಾಲು ಸಾಲಾಗಿ ಹತ್ತಿರದಿಂದ. ಮೊದಲನೆಯದನ್ನು ಮರೆತವರೇ ಹೆಚ್ಚು. ಮನೆಗೆ ಬಂದ ಮೇಲೆ ಆ ಕಲ್ಲು ಎಲ್ಲಿತ್ತು ಎಂದು ಹೇಳಲಾಗದಿದ್ದರೆ ಉಳಿದ ಫೋಟೋಗಳಿಗೆ ಅರ್ಧ ಬೆಲೆ. ಶಾಸನ ತಲೆಕೆಳಗಾಗಿ ಗೋಡೆಯಲ್ಲಿ ಸೇರಿರಬಹುದು, ಅದನ್ನೂ ಬರೆದುಕೊಳ್ಳಿ.

ಓದಲು ಬರದಿದ್ದರೂ ಕಾಲಗಣನೆಯ ಲೆಕ್ಕ ತಿಳಿದಿರಲಿ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ. ನಮ್ಮ ಭಾಗದಲ್ಲಿ ಕಾಣಸಿಗುವ ಚಾಲುಕ್ಯ ವಿಕ್ರಮ ವರ್ಷಕ್ಕೆ 1075 ಕೂಡಿಸಬೇಕು, ಆರನೇ ವಿಕ್ರಮಾದಿತ್ಯ 1076ರಲ್ಲಿ ಹೊಸ ಶಕೆ ಆರಂಭಿಸಿದ್ದರಿಂದ 20ನೇ ವರ್ಷವೆಂದರೆ 1095. ಹಿಜರಿ ಚಾಂದ್ರಮಾನದ್ದು, ಬರೀ ಕೂಡಿಸಿದರೆ ತಪ್ಪುತ್ತದೆ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿ. ಕಲಬುರಗಿ ಕೋಟೆಯ ಜಾಮಿ ಮಸೀದಿಯ ಹಿಜರಿ 769 ಹೀಗೆಯೇ 1367 ಆಗುತ್ತದೆ. ಒಂದು ವರ್ಷ ಆಚೀಚೆ ಇರಬಹುದು.

ಮಸೀದಿ, ಗುಡಿಯೊಳಗೆ ಪೂಜೆ ನಮಾಜು ನಡೆಯುತ್ತಿದ್ದರೆ ಕ್ಯಾಮೆರಾ ಕೆಳಗಿಡಿ, ಕೇಳಿ ಒಳಗೆ ಹೋಗಿ.

## ಹಂತ 7: ನೆಲ ನೋಡಿ, ಏನನ್ನೂ ಎತ್ತಬೇಡಿ

ಮಳೆ ಕೊರೆದ ಮಣ್ಣಿನಲ್ಲಿ ಮಡಕೆ ಚೂರುಗಳು ಮೇಲೆದ್ದಿರುತ್ತವೆ. ಒಳಗೆ ಕಪ್ಪು ಹೊರಗೆ ಕೆಂಪು ಇರುವ ಚೂರು ಬೃಹತ್ ಶಿಲಾಸಮಾಧಿಗಳ ಕಾಲದ ಪರಂಪರೆಯದು, ಕೋಟೆಗಿಂತ ಬಹಳ ಹಿಂದಿನದು. ನೀಲಿಯೋ ಹಸಿರೋ ಹೊಳಪು ಲೇಪದ ಚೂರು ಸುಲ್ತಾನರ ಕಾಲದ ಆಸುಪಾಸಿನದು. ನಮ್ಮ ನೆಲ ಎಷ್ಟು ಹಳೆಯದು ಎಂದರೆ ಇದೇ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಿಂದಿನ ಕಲ್ಲಿನ ಆಯುಧಗಳು ಸಿಕ್ಕಿವೆ, ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳ ಬೂದಿದಿಬ್ಬವಿದೆ.

ಚೂರನ್ನು ಜೇಬಿಗೆ ಹಾಕಿಕೊಂಡರೆ ಅದು ಬರೀ ಚೂರು. ಬಿದ್ದ ಜಾಗದಲ್ಲಿದ್ದರೆ ಮಾತ್ರ ಪುರಾವೆ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ನಾಣ್ಯ ಎತ್ತಿಕೊಳ್ಳಿ, ಮುಂದೆ ಹೋಗಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಕೇಂದ್ರದ ಕಾಯ್ದೆಯಂತೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

## ಹಂತ 8: ಈಗ ತೋಪು

ಇಷ್ಟಾದ ಮೇಲೆ ತುದಿಗೆ ಹೋಗಿ. ಒಂಬತ್ತೂವರೆ ಆಗಿರುತ್ತದೆ, ಕಬ್ಬಿಣ ಇನ್ನೂ ಕೈ ಸುಡುವಷ್ಟು ಕಾದಿರುವುದಿಲ್ಲ.

ತೋಪಿನ ಮೈ ನೋಡಿ. ದಖ್ಖನಿನ ದೊಡ್ಡ ತೋಪುಗಳಲ್ಲಿ ಬಹಳಷ್ಟನ್ನು ಎರಕ ಹೊಯ್ದಿಲ್ಲ. ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಪೀಪಾಯಿಯಂತೆ ಜೋಡಿಸಿ, ಕೆಂಪಗೆ ಕಾಯಿಸಿದ ಬಳೆಗಳನ್ನು ತೊಡಿಸಿ ಬಿಗಿದಿದ್ದಾರೆ. ಬಳೆಗಳ ನಡುವಿನ ಸಂದು ಕಣ್ಣಿಗೆ ಕಾಣುತ್ತದೆ, ಬಾಯಿಯೊಳಗೆ ಟಾರ್ಚ್ ಬಿಟ್ಟರೆ ಪಟ್ಟಿಯ ಉದ್ದ ಗೆರೆ ಸಿಗಬಹುದು. ಹಿಂಭಾಗದಲ್ಲಿ ಮದ್ದಿಗೆ ಬೆಂಕಿ ಮುಟ್ಟಿಸುವ ತೂತು ಹುಡುಕಿ. ಬಾಯಿಯ ಅಡ್ಡಳತೆ ಟೇಪಿನಲ್ಲಿ ಅಳೆದು ಬರೆದುಕೊಳ್ಳಿ, ಗುಂಡಿನ ಗಾತ್ರ ಅದಕ್ಕಿಂತ ತುಸು ಕಡಿಮೆ.

ತೋಪಿಗಿಂತ ಅದು ಕೂತ ಬುರುಜು ಹೆಚ್ಚು ಮಾತಾಡುತ್ತದೆ. ನಡುವೆ ತೋಪು ತಿರುಗುವ ಗೂಟದ ಕುಳಿ ಇದೆಯೇ? 16ನೇ ಶತಮಾನದಲ್ಲಿ ದಖ್ಖನಿನವರು ಎತ್ತರದ ಬುರುಜಿನ ಮೇಲೆ ಸುತ್ತ ತಿರುಗುವ ತೋಪು ಕೂರಿಸುವ ವಿದ್ಯೆ ಸಾಧಿಸಿದ್ದರು. ತೋಪಿನ ಹಿಂದೆ ನಿಂತು ಅದರ ಬಾಯಿ ತಿರುಗಬಹುದಾದ ದಿಕ್ಕಿನಲ್ಲಿ ನೋಡಿ. ನಿನ್ನೆ ಸಂಜೆ ಕೆಳಗೆ ನಿಂತು ಗೆರೆ ಎಳೆದ ಜಾಗ ಗುಂಡಿನ ದಾರಿಯಲ್ಲಿ ಬರುತ್ತದೆಯೇ? ಯಾವ ಬಾಗಿಲನ್ನು ಇದು ಕಾಯುತ್ತದೆ, ಯಾವ ಬಾಗಿಲು ಇದಕ್ಕೆ ಕಾಣುವುದೇ ಇಲ್ಲ? ತೋಪು ಮೊದಲು ನೋಡಿದವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ, ಬಾಗಿಲು ಎಲ್ಲೆಲ್ಲಿದೆ ಎಂದು ಅವರು ನೋಡಿಯೇ ಇರುವುದಿಲ್ಲ.

ತೋಪಿನ ಮೇಲೆ ಕೂರಬೇಡಿ, ಹೆಸರು ಕೆತ್ತಬೇಡಿ. ಗುಡ್ಡದ ಮೇಲೆ ಪ್ರೇಮ ಅಮರವಾಗುವುದಿಲ್ಲ, ಫೋಟೋ ತೆಗೆದವರ ಕೈಗೆ ಪುರಾವೆ ಸಿಗುತ್ತದೆ ಅಷ್ಟೆ.

## ತಕ್ಷಣ ಹಿಂದಿರುಗಬೇಕಾದ ಸೂಚನೆಗಳು

ಹೆಜ್ಜೇನು: ಚಾಚು ಬಂಡೆಯ ಕೆಳಗೆ, ಕಮಾನಿನೊಳಗೆ ಕಪ್ಪು ಅರ್ಧಚಂದ್ರ ತೂಗುತ್ತಿದ್ದರೆ ಅದು ಹುಟ್ಟು. ಅದರ ಮೈಮೇಲೆ ಅಲೆ ಎದ್ದು ಸರ್ರನೆ ಹಾದುಹೋದಂತೆ ಕಂಡರೆ ಹುಳುಗಳು ನಿಮ್ಮನ್ನು ಗಮನಿಸಿವೆ. ಕೂಗದೆ, ಕೈ ಬೀಸದೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಸೆಂಟಿನ ವಾಸನೆ, ಬೀಡಿ ಹೊಗೆ, ಕಲ್ಲೆಸೆತ ಮೂರೂ ಅವುಗಳನ್ನು ಕೆರಳಿಸುತ್ತವೆ. ಮೈಮೇಲೆ ಬಿದ್ದರೆ ಟವೆಲಿನಲ್ಲಿ ತಲೆ ಮುಖ ಮುಚ್ಚಿ, ಕಾಲಡಿ ನೋಡಿಕೊಂಡು ಕೆಳಕ್ಕೆ ಓಡಿ. ಹೊಂಡಕ್ಕೆ ಹಾರಬೇಡಿ, ಅವು ಮೇಲೆ ಕಾಯುತ್ತವೆ. ಮುಳ್ಳನ್ನು ಉಗುರಿನಿಂದ ಕೆರೆದು ತಡಮಾಡದೆ ತೆಗೆಯಿರಿ. ಉಸಿರು ಕಟ್ಟಿದರೆ, ಮುಖ ಊದಿದರೆ 108.

ಬಿಸಿಲು: ಜೊತೆಗಿದ್ದವರ ಬೆವರು ನಿಂತಿದೆ, ತಲೆ ನೋಯುತ್ತದೆ ಎನ್ನುತ್ತಾರೆ, ಮಾತು ತೊದಲುತ್ತಿದೆ ಎಂದರೆ ಕೋಟೆ ಅಲ್ಲಿಗೇ ಬಿಡಿ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ.

ನಿಧಿಗಳ್ಳರ ಗುಂಡಿ: ಹೊಸ ಮಣ್ಣು, ಕೊಯ್ದ ಲಿಂಬೆ, ಕುಂಕುಮ, ಪಕ್ಕದಲ್ಲಿ ಒಡೆದ ಮೂರ್ತಿ. ಇಳಿದು ನೋಡಬೇಡಿ, ಅಲ್ಲಿ ಕಂಡವರನ್ನು ಮಾತಾಡಿಸಬೇಡಿ. ಜಾಗ ನೆನಪಿಟ್ಟುಕೊಂಡು ಕೆಳಗೆ ಬಂದು 112ಕ್ಕೆ ತಿಳಿಸಿ.

## ಹಂತ 9: ಇಳಿಯುವುದು

ಹೆಚ್ಚು ಮಂದಿ ಬೀಳುವುದು ಇಳಿಯುವಾಗ. ಕ್ಯಾಮೆರಾ ಚೀಲಕ್ಕೆ ಹಾಕಿ, ಎರಡೂ ಕೈ ಖಾಲಿ ಇರಲಿ. ಹತ್ತಿದ ದಾರಿಯಲ್ಲೇ ಇಳಿಯಿರಿ, ಅಡ್ಡದಾರಿ ಬೇಡ. ಹತ್ತುವಾಗ ಬೆನ್ನ ಹಿಂದೆ ಉಳಿದಿದ್ದ ಗೋಡೆಯ ಒಳಮುಖ ಈಗ ಕಾಣುತ್ತದೆ: ಕಾವಲಿನವರು ಓಡಾಡುತ್ತಿದ್ದ ಕಟ್ಟೆ, ಮೇಲೇರುವ ಮೆಟ್ಟಿಲು, ಒಂದೇ ಗೂಡಿನಿಂದ ಬೇರೆ ಬೇರೆ ದಿಕ್ಕಿಗೆ ತೆರೆದ ಕಿಂಡಿಗಳು. ನೋಡಬೇಕಿದ್ದರೆ ನಿಂತು ನೋಡಿ, ನಡೆಯುತ್ತ ನೋಡಬೇಡಿ.

## ಹಂತ 10: ಅದೇ ದಿನ ಬರೆದಿಡಿ

ರಾತ್ರಿ ಮಲಗುವ ಮುನ್ನ ಫೋಟೋಗಳನ್ನು ಹತ್ತಿದ ಕ್ರಮದಲ್ಲೇ ಜೋಡಿಸಿ, ಗೆರೆಚಿತ್ರದ ಮೇಲೆ ಅಂಕಿ ಹಾಕಿ. ನಾಳೆಗೆ ಬಿಟ್ಟರೆ ಎರಡನೇ ಅಗಸಿ ಯಾವುದು, ಮೂರನೆಯದು ಯಾವುದು ಎಂದು ನಿಮಗೇ ಗೊತ್ತಾಗದು.

ಅದೇ ಮಧ್ಯಾಹ್ನ ಶಹಾಪುರ, ವಿಭೂತಿಹಳ್ಳಿ, ಸುರಪುರ ಮೂರನ್ನೂ ಮುಗಿಸಿಬಿಡುವ ಆಸೆ ಬೇಡ. ಒಂದು ಮಾತ್ರ ಬೇಕೆಂದರೆ ಶಹಾಪುರದ ಪಕ್ಕದ ವಿಭೂತಿಹಳ್ಳಿಗೆ ಸಂಜೆ ಹೋಗಿ. ಅಲ್ಲಿ ಬೃಹತ್ ಶಿಲಾಯುಗದವರು ಗುಂಡುಕಲ್ಲುಗಳನ್ನು ಸಾಲು ಹಿಡಿದು ಇಟ್ಟಿದ್ದಾರೆ. ನೆತ್ತಿ ಬಿಸಿಲಲ್ಲಿ ಬರೀ ಕಲ್ಲುಹೊಲದಂತೆ ಕಾಣುವ ಜಾಗದಲ್ಲಿ ಇಳಿಬಿಸಿಲಿನ ನೆರಳು ಬಿದ್ದಾಗ ಸಾಲುಗಳು ಬೇರೆಯಾಗುತ್ತವೆ. 1705ರಲ್ಲಿ ಔರಂಗಜೇಬ ತಾನೇ ಬಂದು ಮುತ್ತಿದ ವಾಗಣಗೇರಿಯನ್ನು ಇನ್ನೊಂದು ಚಳಿಗಾಲಕ್ಕೆ ಇಟ್ಟುಕೊಳ್ಳಿ, ಅದಕ್ಕೆ ಒಂದು ಇಡೀ ಬೆಳಗು ಬೇಕು.

ಹೊಸ ಶಾಸನ ಕಂಡಿರಿ ಅನಿಸಿದರೆ ಹಾಗೆಂದು ಸಾರುವ ಮೊದಲು ಈಗಾಗಲೇ ಪ್ರಕಟವಾಗಿದೆಯೇ ಎಂದು ಕಲಬುರಗಿಯ ವಿಶ್ವವಿದ್ಯಾಲಯದಲ್ಲೋ ಕಾಲೇಜಿನಲ್ಲೋ ಇತಿಹಾಸ ಕಲಿಸುವವರನ್ನು ಕೇಳಿ. ಪ್ರಕಟವಾಗಿಲ್ಲವಾದರೆ ಫಲಕದಲ್ಲಿ ಹೆಸರಿದ್ದ ಇಲಾಖೆಗೆ ಬರೆಯಿರಿ. ಕನ್ನಡ, ಸಂಸ್ಕೃತ ಶಾಸನವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮೈಸೂರಿನ ಶಾಸನ ವಿಭಾಗಕ್ಕೆ, ಅರಬ್ಬಿ, ಪರ್ಷಿಯನ್ ಆದರೆ ನಾಗಪುರದ ವಿಭಾಗಕ್ಕೆ ಒಂದು ಪ್ರತಿ ಕಳಿಸಬಹುದು. ಪತ್ರದಲ್ಲಿ ಇರಬೇಕಾದ್ದು: ಮೂರೂ ಬಗೆಯ ಫೋಟೋ, ಕಲ್ಲಿನ ಎತ್ತರ-ಅಗಲ, ಎಷ್ಟು ಸಾಲು, ಮೊಬೈಲು ತೋರಿಸಿದ ಅಕ್ಷಾಂಶ-ರೇಖಾಂಶ, ಯಾವ ಅಗಸಿಯಿಂದ ಎಷ್ಟು ಹೆಜ್ಜೆ ಯಾವ ದಿಕ್ಕು, ಕಲ್ಲು ನಿಂತಿದೆಯೋ ಬಿದ್ದಿದೆಯೋ ಗೋಡೆಯೊಳಗೆ ಸೇರಿದೆಯೋ. ಅಕ್ಷಾಂಶ-ರೇಖಾಂಶವನ್ನು ಇಲಾಖೆಗೆ ಮಾತ್ರ ಕೊಡಿ, ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಬೇಡಿ. ನಿಧಿ ಹುಡುಕುವವರೂ ಆ ಗುಂಪುಗಳಲ್ಲಿರುತ್ತಾರೆ.